ದೊಡ್ಡ ವೇದಿಕೆ ಹತ್ತಿದರೆ ಡ್ರಮ್ ಹಿಂದೆ ಬೀಳುತ್ತದೆ, ಯಾಕೆ?

ಮೊದಲಸಾಲು:
ನಮ್ಮದು ದೊಡ್ಡ ಬ್ಯಾಂಡ್. ಮುಂದೆ ಕ್ಲಾರಿನೆಟ್, ನಡುವೆ ಟ್ರಂಪೆಟ್ ಮತ್ತು ಹಾರ್ನ್, ಕೊನೆಯಲ್ಲಿ ಡ್ರಮ್. ರಿಹರ್ಸಲ್ ಕೋಣೆಯಲ್ಲಿ ತಾಳ ಒಂಚೂರೂ ತಪ್ಪುವುದಿಲ್ಲ. ದೊಡ್ಡ ವೇದಿಕೆ ಹತ್ತಿದರೆ ಡ್ರಮ್ ಹಿಂದೆ ಬೀಳುತ್ತದೆ, ಹಾಡು ಮುಗಿಯುವಷ್ಟರಲ್ಲಿ ವೇಗವೂ ಇಳಿದಿರುತ್ತದೆ. ಡ್ರಮ್‌ನವರು "ಕ್ಲಾರಿನೆಟ್ ಕೇಳಿಕೊಂಡೇ ಬಾರಿಸ್ತಿದ್ದೀವಿ" ಅಂತಾರೆ. ಕ್ಲಾರಿನೆಟ್‌ನವರು "ಡ್ರಮ್ ಕೇಳಿಕೊಂಡೇ ನುಡಿಸ್ತಿದ್ದೀವಿ" ಅಂತಾರೆ. ಯಾರನ್ನು ನಂಬಲಿ? ಮೊದಲ ಸಾಲಿಗೂ ಕೊನೆಯ ಸಾಲಿಗೂ ಸುಮಾರು 12 ಮೀಟರ್ ದೂರ.

ತಾಳಲೆಕ್ಕ:
ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ತೊಂದರೆ ಇರುವುದೇ ಅಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಒಂದು ಮೀಟರ್ ದಾಟಲು ಹತ್ತಿರಹತ್ತಿರ 3 ಮಿಲಿಸೆಕೆಂಡ್ ಬೇಕು, 12 ಮೀಟರಿಗೆ 35. ಕ್ಲಾರಿನೆಟ್ ಸದ್ದು ಡ್ರಮ್‌ನವರ ಕಿವಿ ಮುಟ್ಟುವುದೇ 35 ತಡ. ಅದಕ್ಕೆ ಸರಿಯಾಗಿ ಬಾರಿಸಿದ ಪೆಟ್ಟು ಮುಂದೆ ಬರಲು ಇನ್ನೊಂದು 35. ಒಟ್ಟು 70. ನಿಮಿಷಕ್ಕೆ 120 ಬೀಟ್ ಅಂದರೆ ಒಂದು ಬೀಟ್ 500 ಮಿಲಿಸೆಕೆಂಡ್, ಅದರ ಕಾಲುಭಾಗ 125. ಆ ಕಾಲುಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಕಳೆದುಹೋಯಿತು. ಈಗ ಕ್ಲಾರಿನೆಟ್‌ನವರು ಆ ತಡವಾದ ಪೆಟ್ಟಿಗೆ ಕಾಯುತ್ತಾರೆ, ಡ್ರಮ್‌ನವರು ಇನ್ನೂ ತಡವಾದ ಕ್ಲಾರಿನೆಟ್‌ಗೆ ಕಾಯುತ್ತಾರೆ. ವೇಗ ಇಳಿಯದೆ ಇನ್ನೇನು?

ಡ್ರಮ್‌ನವರು ಮುಂದೆ ನಿಂತು ತಾಳ ತೋರಿಸುವ ಕಂಡಕ್ಟರ್ ಕೈ ನೋಡಿ ಬಾರಿಸಲಿ, ಮುಂದಿನ ಸದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಮುಂದಿನವರು ಹಿಂದಿನಿಂದ ಬರುವ ಡ್ರಮ್ ಕೇಳಿ ನುಡಿಸಲಿ. ಆಗ ಡ್ರಮ್ ಸದ್ದು ಬರುತ್ತಾ ಬರುತ್ತಾ ಟ್ರಂಪೆಟ್, ಕ್ಲಾರಿನೆಟ್ ಎಲ್ಲವನ್ನೂ ಜೊತೆಗೆ ಕರೆದುಕೊಂಡು ಸಭೆ ತಲುಪುತ್ತದೆ. ಮೈದಾನದಲ್ಲಿ ನುಡಿಸುವ ಮಾರ್ಚಿಂಗ್ ಬ್ಯಾಂಡ್‌ಗಳು ಇದೇ ದಾರಿ ಹಿಡಿಯುತ್ತವೆ.

ಮಿಕ್ಸರ್‌ಮಾವ:
ಇಷ್ಟೆಲ್ಲ ಯಾಕೆ? ಡ್ರಮ್‌ಗೆ ಒಂದು ಮೈಕ್ ಹಾಕಿ, ಕ್ಲಾರಿನೆಟ್ ಮುಂದೆ ಮಾನಿಟರ್ (ನುಡಿಸುವವರಿಗೇ ಕೇಳಿಸುವ ಸಣ್ಣ ಸ್ಪೀಕರ್) ಇಡಿ. ತಂತಿಯಲ್ಲಿ ಸದ್ದು ತಕ್ಷಣ ಬರುತ್ತದೆ.

ತಾಳಲೆಕ್ಕ:
ಸಭೆಗೆ ಡ್ರಮ್ ಹೇಗೆ ಕೇಳುತ್ತದೆ ಎನ್ನುವುದರ ಮೇಲೆ ಹೋಗುತ್ತದೆ ಸರ್. ಮುಂದಿನ ದೊಡ್ಡ ಸ್ಪೀಕರ್‌ಗಳಿಂದಲೇ ಕೇಳುವುದಾದರೆ ನಿಮ್ಮ ಮಾತು ಸರಿ. ಸ್ಪೀಕರ್ ಇಲ್ಲದೆ ನೇರವಾಗಿ ಕೇಳುವುದಾದರೆ ಮಾನಿಟರ್ ಇಟ್ಟು ಕೆಲಸ ಕೆಡಿಸಿದ ಹಾಗೆ. ಕ್ಲಾರಿನೆಟ್‌ನವರು ಮಾನಿಟರ್‌ನಲ್ಲಿ ಕೇಳಿದ ಡ್ರಮ್ ಏಟಿಗೆ ಸರಿಯಾಗಿ ಊದುತ್ತಾರೆ, ಆ ಡ್ರಮ್‌ನ ಅಸಲಿ ಸದ್ದು ಇನ್ನೂ ಟ್ರಂಪೆಟ್ ಸಾಲಿನ ಹತ್ತಿರ ಇರುತ್ತದೆ. ವೇದಿಕೆ ಮೇಲಿರುವವರಿಗೆ ಎಲ್ಲವೂ ಚೆಂದ, ಸಭೆಗೆ ಮಾತ್ರ ಡ್ರಮ್ ತಡ. ಇಂಥದ್ದನ್ನು ವೇದಿಕೆ ಮೇಲೆ ನಿಂತು ಕಂಡುಹಿಡಿಯುವುದು ಕಷ್ಟ, ಹಾಲ್ ನಡುವೆ ಒಂದು ಫೋನ್ ಇಟ್ಟು ರೆಕಾರ್ಡ್ ಮಾಡಿ ನೋಡಬೇಕು.

ಮೊದಲಸಾಲು:
ನಮ್ಮಲ್ಲಿ ಸ್ಪೀಕರ್ ಇಲ್ಲ. ಕಣ್ಣಿನ ಉಪಾಯ ಮಾಡಿದೆವು, ವೇಗ ಇಳಿಯುವುದು ನಿಂತಿತು. ಆದರೆ ಕಂಡಕ್ಟರ್‌ಗೆ ಸಮಾಧಾನ ಇಲ್ಲ, ಬ್ಯಾಂಡ್ ಪೂರ್ತಿ ತನ್ನ ಕೋಲಿಗಿಂತ ಹಿಂದೆ ಇದೆ ಅಂತಾರೆ. ಇನ್ನೊಂದು, ಹಾರ್ನ್ ಈಗಲೂ ಒಂಚೂರು ತಡವಾಗಿ ಕೇಳುತ್ತದೆ.

ತಾಳಲೆಕ್ಕ:
ಹಿಂದೆ ಇರಲೇಬೇಕು. ಅವರಿಂದ ಡ್ರಮ್ 15 ಮೀಟರ್ ಇದ್ದರೆ ಪೆಟ್ಟು ಅವರ ಕಿವಿಗೆ ಬೀಳುವುದು ಕೋಲು ಇಳಿದ ಸುಮಾರು 44 ಮಿಲಿಸೆಕೆಂಡ್ ಮೇಲೆ. ಎಲ್ಲರೂ ಒಂದೇ ಅಳತೆಯಲ್ಲಿ ತಡವಾದರೆ ಸಭೆಗೆ ಏನೂ ಗೊತ್ತಾಗುವುದಿಲ್ಲ. ಅವರು ಕೇಳಿದ್ದಕ್ಕೆ ತಕ್ಕಂತೆ ಕೋಲು ಎಳೆಯದಿದ್ದರೆ ಸಾಕು. ಇದನ್ನು ಅವರಿಗೆ ಹೇಳುವ ಕೆಲಸ ನಿಮ್ಮದು :)

ಹಾರ್ನ್ ಕಥೆ ಬೇರೆ. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತದೆ ಅಲ್ವಾ? ಚೂಪಾದ ಸದ್ದೆಲ್ಲ ಮೊದಲು ಹಿಂದಿನ ಗೋಡೆಗೆ ಹೋಗಿ ಆಮೇಲೆ ವಾಪಸ್ ಬರುತ್ತದೆ. ಗೋಡೆ 3 ಮೀಟರ್ ಹಿಂದಿದ್ದರೆ ಹೋಗಿ ಬರುವ ದಾರಿ 6 ಮೀಟರ್, ಸುಮಾರು 17 ಮಿಲಿಸೆಕೆಂಡ್ ತಡ. ನಿಮ್ಮ ಹಾರ್ನ್ ಹಿಂದೆ ಇರುವುದು ಗೋಡೆಯಾ, ದಪ್ಪ ಪರದೆಯಾ?

ಮೊದಲಸಾಲು:
ಹಾರ್ನ್ ಬಲಗಡೆ ತುದಿಯಲ್ಲಿದೆ, ಹಿಂದೆ ಪರದೆ.

ತಾಳಲೆಕ್ಕ:
ಹಾಗಾದರೆ ಆ ಚೂಪು ಸದ್ದನ್ನು ಪರದೆ ನುಂಗುತ್ತಿದೆ. ಸ್ವರದ ಶುರು ಮೆತ್ತಗಾಗಿ, ತಡವಾದಂತೆ ಕೇಳುತ್ತದೆ. ಬೆನ್ನ ಹಿಂದೆ ಒಂದು ಮೀಟರ್ ದೂರದಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿ ನೋಡಿ. ಜೋರು ಜಾಸ್ತಿಯಾದರೆ ಹಲಗೆಯನ್ನು ಸ್ವಲ್ಪ ಓರೆ ಮಾಡಿ.