ಹಲಗೆ ಮತ್ತು ಗಿಟಾರ್ ಎರಡೂ ಇರುವ ನಮ್ಮ ಹಾಡಿಗೆ ಎಂಥ ವಿಡಿಯೋ ಮಾಡಬೇಕು?

ಹಲಗೆ ಹುಡುಗ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಾವು 4 ಜನರ ಬ್ಯಾಂಡ್. ಹಲಗೆ, ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್. ಹಾಡುವುದೂ ಹಲಗೆ ಬಾರಿಸುವುದೂ ನಾನೇ. ಈಗ ಹೊಸ ಹಾಡೊಂದು ರೆಕಾರ್ಡ್ ಆಗಿದೆ, 3 ನಿಮಿಷ 40 ಸೆಕೆಂಡಿನದು. ಗುಳೆ ಹೋಗುವವರ ಮೇಲಿನ ಹಾಡು. ನಮ್ಮ ಕಡೆಯಿಂದ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಎಷ್ಟು ಜನ ಹೋಗುತ್ತಾರೆ ಅಂತ ನಿಮಗೆ ಗೊತ್ತೇ ಇರುತ್ತದೆ. ನಮ್ಮ ಅವ್ವ 6 ವರ್ಷ ಹೋಗಿದ್ದಳು. ಆಗ ನಾನು ಅಜ್ಜಿ ಮನೆಯಲ್ಲಿದ್ದೆ. ಮೊದಲ 22 ಸೆಕೆಂಡು ಬರೀ ಹಲಗೆ, ಆಮೇಲೆ ಗಿಟಾರ್ ಬರುತ್ತದೆ.

ಹೋದ ವರ್ಷ ನಮ್ಮ ಮೊದಲ ಹಾಡಿಗೆ ವಿಡಿಯೋ ಮಾಡಿಸಿದ್ದೆವು. ಮದುವೆ ಶೂಟಿಂಗ್ ಮಾಡುವವರೊಬ್ಬರಿಗೆ 35 ಸಾವಿರ ಕೊಟ್ಟೆವು. ಡ್ರೋನ್ ಮೇಲೇರಿತು. ಗುಡ್ಡದ ತುದಿಯಲ್ಲಿ ಗಿಟಾರ್ ಹಿಡಿದು ನಿಂತೆವು. ನಾಲ್ವರೂ ಸ್ಲೋ ಮೋಷನ್‌ನಲ್ಲಿ ನಡೆದು ಬಂದೆವು. ಬಣ್ಣದ ಪುಡಿ ಹಾರಿಸಿದೆವು. ನೋಡಲು ಚೆನ್ನಾಗಿಯೇ ಇತ್ತು. ಅವ್ವನಿಗೆ ತೋರಿಸಿದಾಗ ಪೂರ್ತಿ ನೋಡಿ, "ಹಾಡಿನ್ಯಾಗ ಇದ್ದದ್ದು ಒಂದೂ ಇದ್ರಾಗ ಕಾಣವಲ್ದಲ್ಲೋ" ಅಂದಳು. ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ.

ನನ್ನ ಪ್ರಶ್ನೆ ಇದು. ಒಂದು ಮ್ಯೂಸಿಕ್ ವಿಡಿಯೋ ನೋಡಿದಾಗ ಹೊಸದು ಅನ್ನಿಸುವುದು, ನಾವೂ ಏನಾದರೂ ಮಾಡಬೇಕು ಅಂತ ಮೈ ಜುಮ್ಮೆನ್ನುವುದು ಯಾವುದರಿಂದ? ಆಯಾ ಸಂಗೀತಕ್ಕೆ ಒಂದು ರೂಢಿಯ ವೇಷ ಇದೆ. ಜನಪದ ಎಂದ ಕೂಡಲೇ ಎತ್ತಿನ ಗಾಡಿ, ಜೋಳದ ಹೊಲ, ರುಮಾಲು ಅನ್ನುತ್ತಾರೆ. ರಾಕ್ ಎಂದರೆ ಕಪ್ಪು ಟೀ ಶರ್ಟ್, ಹೊಗೆ, ಮಿಣಮಿಣ ಲೈಟು. ನಮ್ಮದು ಎರಡೂ ಹೌದು. ಆ ವೇಷ ಹಾಕಲೇಬೇಕಾ, ಬಿಡಬೇಕಾ? ಈ ಸಲ ಕೈಯಲ್ಲಿ 40 ಸಾವಿರ ಇದೆ.

ಎಡಿಟ್ ಟೇಬಲ್, ಬೆಂಗಳೂರು

ತಮ್ಮಾ, ನಿಮ್ಮ ಅವ್ವ ಕೇಳಿದ್ದೇ ಸರಿಯಾದ ಪ್ರಶ್ನೆ. ನಾನು 18 ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೇನೆ. ಮ್ಯೂಸಿಕ್ ವಿಡಿಯೋ ಮುಗಿಯುತ್ತಾ ಬಂದಾಗ ಒಂದು ಪರೀಕ್ಷೆ ಮಾಡುತ್ತೇನೆ. ಟೈಮ್‌ಲೈನ್‌ನಿಂದ ಅದರ ಹಾಡು ತೆಗೆದು, ಅದೇ ವೇಗದ ಬೇರೊಂದು ಹಾಡು ಹಾಕಿ ನೋಡುತ್ತೇನೆ. ಆಗಲೂ ಸಲೀಸಾಗಿ ಓಡಿದರೆ ಅದು ಆ ಹಾಡಿನ ವಿಡಿಯೋ ಅಲ್ಲ. ನಿಮ್ಮ ಗುಡ್ಡದ ವಿಡಿಯೋಗೆ ಯಾವ ಹಾಡು ಹಾಕಿದರೂ ನಡೆಯುತ್ತಿತ್ತು, ಅಲ್ವಾ?

ನನ್ನನ್ನು ಈ ಕೆಲಸದಲ್ಲಿ ಉಳಿಸಿದ ಒಂದು ವಿಡಿಯೋ ಬಗ್ಗೆ ಹೇಳುತ್ತೇನೆ. ಇಂಗ್ಲೆಂಡಿನ ಕೆಮಿಕಲ್ ಬ್ರದರ್ಸ್ ಜೋಡಿಯ 'ಸ್ಟಾರ್ ಗಿಟಾರ್', 2002ರದ್ದು. ನಿರ್ದೇಶಕ ಫ್ರಾನ್ಸಿನ ಮಿಶೆಲ್ ಗೋಂಡ್ರಿ. ಕಥೆ ಇಲ್ಲ, ಕುಣಿತ ಇಲ್ಲ. ಉದ್ದಕ್ಕೂ ರೈಲಿನ ಕಿಟಕಿಯಿಂದ ಕಾಣುವ ನೋಟ, ಅಷ್ಟೇ. ಕಂಬ, ಸೇತುವೆ, ಕಾರ್ಖಾನೆ, ಎದುರಿನಿಂದ ಬರುವ ರೈಲು. ಮೊದಲ ಸಲ ನೋಡಿದಾಗ ಇದೇನು ಸುಮ್ನೆ ಕಿಟಕಿಯಾಚೆ ಕ್ಯಾಮೆರಾ ಇಟ್ಟಿದ್ದಾರೆ ಅಂದುಕೊಂಡೆ. ಮೂರನೇ ಸಲ ನೋಡುವಾಗ ಮೈ ನೆಟ್ಟಗಾಯಿತು. ಒಂದು ಬೀಟ್ ಬಿದ್ದಾಗ ಒಂದು ಕಂಬ. ಇನ್ನೊಂದು ಸದ್ದು ಸೇರಿದಾಗ ಇನ್ನೊಂದು ಕಟ್ಟಡ. ಸದ್ದು ನಿಂತಾಗ ಅದೂ ಮಾಯ. ಫ್ರಾನ್ಸಿನಲ್ಲಿ ಒಂದೇ ದಾರಿಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಹಲವು ಸಲ ಚಿತ್ರೀಕರಿಸಿ, ಕಂಪ್ಯೂಟರಿನಲ್ಲಿ ಹೊಸದಾಗಿ ಜೋಡಿಸಿದ್ದಾರೆ. ಅದಕ್ಕೂ ಮೊದಲು ಗೋಂಡ್ರಿ ಗ್ರಾಫ್ ಹಾಳೆಯಲ್ಲಿ ಹಾಡನ್ನು ಬರೆದುಕೊಂಡು, ಕಿತ್ತಳೆ ಹಣ್ಣು, ಫೋರ್ಕು, ಶೂಗಳನ್ನು ಸಾಲಾಗಿಟ್ಟು ಲೆಕ್ಕ ಹಾಕಿದ್ದರು.

ಅದನ್ನು ನೋಡಿದ ಮೇಲೆ ಒಂದು ಸಲ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಿದ್ದೆ. ರಾಣೆಬೆನ್ನೂರು ದಾಟಿದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ. ಕರೆಂಟ್ ಕಂಬ, ತಂತಿ, ಒಂದು ಬೇವಿನ ಮರ, ಮತ್ತೆ ಕಂಬ. ಹಾವೇರಿ ಬರುವ ತನಕ ನಾನು ಹಾಡನ್ನು ಕಣ್ಣಿನಲ್ಲಿ ಕೇಳುತ್ತಿದ್ದೆ. ಅಲ್ಲಿಯವರೆಗೆ ಆ ಹಾಡಿನಲ್ಲಿ ಒಂದು ಚಿಕ್ಕ ಟಿಕ್ ಟಿಕ್ ಸದ್ದು ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಕಂಬಗಳು ಅದನ್ನು ತೋರಿಸಿದವು. ಒಳ್ಳೆಯ ಮ್ಯೂಸಿಕ್ ವಿಡಿಯೋ ಮಾಡುವುದು ಇದನ್ನೇ. ಕಿವಿಗೆ ಬಿದ್ದೂ ಕೇಳಿಸದೆ ಉಳಿದದ್ದನ್ನು ಕಣ್ಣಿಗೆ ಹಿಡಿದು ತೋರಿಸುತ್ತದೆ.

ಅದೇ ಗೋಂಡ್ರಿ 1997ರಲ್ಲಿ ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿಗೆ ಮಾಡಿದ 'ಅರೌಂಡ್ ದಿ ವರ್ಲ್ಡ್' ಕೂಡ ನೋಡಿ. ಒಂದೊಂದು ವಾದ್ಯಕ್ಕೆ ಒಂದೊಂದು ಗುಂಪು. ಅಸ್ಥಿಪಂಜರಗಳು ಗಿಟಾರ್, ಮಮ್ಮಿಗಳು ಡ್ರಮ್, ರೋಬೋಗಳು ದನಿ. ಬೇಸ್ ಸ್ವರ ಮೇಲೆ ಕೆಳಗೆ ಆದಂತೆ ಎತ್ತರದ ಆಟಗಾರರು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಸಂಗೀತ ಏನೂ ಗೊತ್ತಿಲ್ಲದ ನನ್ನ ಮಗಳು 7 ವರ್ಷದವಳಿದ್ದಾಗ ಇದನ್ನು ನೋಡಿ, "ಅಪ್ಪಾ, ಉದ್ದ ಅಂಕಲ್‌ಗಳು ಬಂದರೆ ಧುಂ ಧುಂ ಅನ್ನತ್ತೆ" ಅಂದಳು. ಅವಳಿಗೆ ಬೇಸ್ ಎಂದರೇನು ಅಂತ ನಾನು ಬೇರೆ ಪಾಠ ಹೇಳಬೇಕಾಗಲಿಲ್ಲ.

ಇನ್ನು ವೇಷದ ಮಾತು. ವೇಷವನ್ನು ಕೀಳಾಗಿ ಕಾಣಬೇಡಿ. ಅದು ಎಲ್ಲಿಂದ ಬಂತು ಅಂತ ನೋಡಿ. ರ‍್ಯಾಪ್ ವಿಡಿಯೋಗಳಲ್ಲಿ ಹಾಡುವವನ ಹಿಂದೆ ಯಾಕೆ ಯಾವಾಗಲೂ ಓಣಿಯ ಜನ ನಿಂತಿರುತ್ತಾರೆ? ಆ ಸಂಗೀತ ಹುಟ್ಟಿದ್ದೇ ನ್ಯೂಯಾರ್ಕಿನ ಬ್ರಾಂಕ್ಸ್‌ನ ಓಣಿ ಪಾರ್ಟಿಗಳಲ್ಲಿ. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನೇ ಅದರ ಹುಟ್ಟಿದ ದಿನ ಎನ್ನುತ್ತಾರೆ. ಹಿಂದಿರುವ ಜನ ಅಲಂಕಾರಕ್ಕಲ್ಲ, "ನಾನು ಇವರವನು" ಅಂತ ಹೇಳುವುದಕ್ಕೆ. ಮುಂದೆ ಬಂದವರು ಆ ಕಾರಣ ಮರೆತು ಬಾಡಿಗೆ ಕಾರು, ಬಾಡಿಗೆ ಜನ ತಂದಾಗ ಅದು ಬರೀ ವೇಷವಾಯಿತು.

2024ರಲ್ಲಿ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಬಂದಾಗ ನನಗೆ ಖುಷಿಯಾದದ್ದು ಇದಕ್ಕೇ. ಕೇರಳದವರು, ಹೆಸರು ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ರ‍್ಯಾಪ್ ವಿಡಿಯೋದಲ್ಲಿ ಕಾರು, ಬೈಕು ಇರಬೇಕು ತಾನೇ? ಇಲ್ಲೂ ಇವೆ. ಆದರೆ ಜಾತ್ರೆಯ ಮರಣ ಬಾವಿಯೊಳಗೆ! ಕೇರಳದ ಪೊನ್ನಾನಿಯಲ್ಲಿ ಶೂಟ್ ಮಾಡಿದ್ದು, ನಿರ್ದೇಶನ ಬಿಜೋಯ್ ಶೆಟ್ಟಿ ಅವರದು. ಸವಾರರು ಮರದ ಹಲಗೆಯ ಗೋಡೆಗೆ ಅಂಟಿಕೊಂಡಂತೆ ಸುತ್ತು ಹೊಡೆಯುತ್ತಾರೆ, ಹಾಡುವವರು ನಡುವೆ ನಿಂತು ಹಾಡುತ್ತಾರೆ. ರೂಢಿ ಉಳಿಯಿತು, ಜಾಗ ನಮ್ಮದಾಯಿತು. ಶಿರಸಿ ಜಾತ್ರೆಯಲ್ಲಿ ಆ ಬಾವಿಯ ಅಂಚಿಗೆ ನಿಂತು ಕೆಳಗೆ ಬಗ್ಗಿದವರಿಗೆ ಆ ಬೈಕಿನ ಸದ್ದು ಎದೆಗೆ ಬಡಿಯುವುದು ಗೊತ್ತು. ಆ ಬಡಿತವೇ ಆ ಹಾಡಿನ ಬೇಸ್.

ನಿಮ್ಮ ಹಾಡಿಗೆ ಬರುತ್ತೇನೆ. ಮೊದಲ 22 ಸೆಕೆಂಡು ಬರೀ ಹಲಗೆ ಅಂದಿರಿ. ಬಾರಿಸುವ ಮೊದಲು ಹಲಗೆಯನ್ನು ಬೆಂಕಿಗೆ ಕಾಯಿಸುತ್ತೀರಲ್ಲ, ಅಲ್ಲಿಂದ ಶುರು ಮಾಡಿ. ಚರ್ಮ ಬಿಗಿಯಾಗುತ್ತಾ ಹೋಗುವಾಗ ನೀವು ಬೆರಳಲ್ಲಿ ತಟ್ಟಿ ಕೇಳುವುದು, ಸದ್ದು ಮಂದದಿಂದ ಖಣ್ ಎನ್ನುವವರೆಗೆ ಬದಲಾಗುವುದು. ರಾಕ್‌ನವರು ಹೊಗೆ ಮೆಷಿನ್ ತರುತ್ತಾರೆ. ನಿಮ್ಮ ಹಲಗೆಗೆ ಅದರದೇ ಹೊಗೆ ಇದೆ.

ಒಂದು ಕೆಲಸ ಮಾಡಿ. ಹಾಡಿನ ಒಂದೊಂದು ಸದ್ದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು, ಗುಳೆ ಹೋದವರ ಬದುಕಿನಲ್ಲಿ ಅದೇ ಲಯದ ಯಾವ ಕೆಲಸ ಇದೆ ಅಂತ ಹುಡುಕಿ. ಅವ್ವನನ್ನೇ ಕೇಳಿ.

ಹೆಜ್ಜೆ, ಮಂಗಳೂರು

ನಾನು ಡ್ಯಾನ್ಸ್ ಕಲಿಸುತ್ತೇನೆ. ಎಡಿಟರ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಕಂಪ್ಯೂಟರಿನಲ್ಲಿ ಜೋಡಿಸುವ ಉಪಾಯಗಳಿಗೆ 40 ಸಾವಿರ ಸಾಲದು. ಮೈಯಿಂದ ಮಾಡುವುದಾದರೆ ಸಾಕಾಗುತ್ತದೆ.

ಅಮೆರಿಕದ ಓಕೆ ಗೋ ಬ್ಯಾಂಡ್ 2006ರಲ್ಲಿ 'ಹಿಯರ್ ಇಟ್ ಗೋಸ್ ಅಗೇನ್' ಮಾಡಿತು. 8 ಟ್ರೆಡ್‌ಮಿಲ್, ಕದಲದೆ ನಿಂತ ಒಂದು ಕ್ಯಾಮೆರಾ, ಒಂದೂ ಕಟ್ ಇಲ್ಲ. ನೃತ್ಯ ಸಂಯೋಜಿಸಿದ್ದು ಹಾಡುಗಾರನ ಅಕ್ಕ ಟ್ರಿಶ್ ಸೀ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಇಂಗ್ಲೆಂಡಿನ ಡಿಜೆ ಫ್ಯಾಟ್‌ಬಾಯ್ ಸ್ಲಿಮ್ ಅವರ 'ಪ್ರೇಸ್ ಯು' ವಿಡಿಯೋವನ್ನು ನಿರ್ದೇಶಕ ಸ್ಪೈಕ್ ಜೋನ್ಸ್ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿನ ಎದುರು, ಓಡಾಡುವ ಜನರ ನಡುವೆ ಸುಮಾರು 800 ಡಾಲರಿನಲ್ಲಿ ಮುಗಿಸಿದರು. ದುಡ್ಡು ಉಳಿದದ್ದು ತಾಲೀಮಿನಿಂದ. ಕಟ್ ಇಲ್ಲದ ವಿಡಿಯೋ ನೋಡುವಾಗ ನಾವು ಉಸಿರು ಹಿಡಿಯುತ್ತೇವೆ, ಯಾಕೆಂದರೆ ಮುಂದಿನ ಹೆಜ್ಜೆ ತಪ್ಪಬಹುದು. ತೆರೆಯ ಮೇಲಿನವರ ಶ್ರಮ ನಮ್ಮ ಮೈಗೂ ತಟ್ಟುತ್ತದೆ. ಕೆಲಸದ ಹಾಡಿಗೆ ಅದು ಬೇಕೇ ಬೇಕು.

ದಯವಿಟ್ಟು ಡ್ಯಾನ್ಸ್ ಸ್ಟೆಪ್ ಹಾಕಿಸಬೇಡಿ. ದುಡಿಯುವವರ ಮೈಯಲ್ಲಿ ಆಗಲೇ ತಾಳ ಇರುತ್ತದೆ. ಅದನ್ನು ಹುಡುಕಿ.

ಮಳೆ ಮನೆ, ತೀರ್ಥಹಳ್ಳಿ

ಇಬ್ಬರ ಮಾತೂ ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಉಪಾಯ ಜಾಸ್ತಿಯಾದರೆ ಜನ ಉಪಾಯವನ್ನೇ ನೋಡುತ್ತಾರೆ, ಹಾಡು ಹಿಂದೆ ಉಳಿಯುತ್ತದೆ. ಅಮೆರಿಕದ ಹಾಡುಗಾರ ಜಾನಿ ಕ್ಯಾಶ್ ಅವರ 'ಹರ್ಟ್' ನೋಡಿದ್ದೀರಾ? ನಿರ್ದೇಶಕ ಮಾರ್ಕ್ ರೊಮಾನೆಕ್ ಚಿತ್ರಿಸಿದ್ದು. ಕ್ಯಾಶ್‌ಗೆ ಆಗ ಸುಮಾರು 70 ವರ್ಷ. ಟೆನೆಸ್ಸಿಯಲ್ಲಿ ಅವರ ಮನೆ, ಬಾಗಿಲು ಹಾಕಿದ ಅವರದೇ ಮ್ಯೂಸಿಯಂ, ನಡುನಡುವೆ ಅವರ ಯೌವನದ ಹಳೆಯ ಫಿಲ್ಮು. ಹೆಂಡತಿ ಜೂನ್ ಮೆಟ್ಟಿಲ ಮೇಲೆ ನಿಂತು ಅವರನ್ನು ನೋಡುತ್ತಾರೆ. ಕೊನೆಗೆ ಕ್ಯಾಶ್ ಪಿಯಾನೋದ ಮುಚ್ಚಳ ಹಾಕಿ, ಅದರ ಮೇಲೆ ಕೈಯಾಡಿಸುತ್ತಾರೆ. 2003ರ ಮೇ ತಿಂಗಳಲ್ಲಿ ಜೂನ್, ಸೆಪ್ಟೆಂಬರಿನಲ್ಲಿ ಕ್ಯಾಶ್ ತೀರಿಕೊಂಡರು.

ಅಲ್ಲಿ ಒಂದು ಕೈ ಇದೆ, ವಯಸ್ಸಾದ ಕೈ. ಅಷ್ಟೇ ಸಾಕು. ನಿಮ್ಮ ಅವ್ವನ ಕೈ ತೋರಿಸಿ.

ಸಾಧನಕೇರಿ ಅಕ್ಕ, ಧಾರವಾಡ

ನಾನು ಸಂಗೀತ ಕಲಿತವಳು, ವಿಡಿಯೋ ವಿಷಯ ಅಷ್ಟು ತಿಳಿಯುವುದಿಲ್ಲ. ಆದರೆ 1988ರ ಸ್ವಾತಂತ್ರ್ಯ ದಿನದಂದು ದೂರದರ್ಶನದಲ್ಲಿ ಮೊದಲ ಸಲ 'ಮಿಲೇ ಸುರ್ ಮೇರಾ ತುಮ್ಹಾರಾ' ಬಂದದ್ದು ನೆನಪಾಯಿತು. ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರ ದನಿಯಿಂದ ಶುರು. ಜಾಗ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, ಧಾಟಿ ಮಾತ್ರ ಒಂದೇ. ಕನ್ನಡದ ಸಾಲು ಬಂದಾಗ ಮನೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ಟಿವಿ ಮುಂದೆ ಬರುತ್ತಿದ್ದೆವು. ಊರು ಬದಲಾಗುವುದು ನಿನ್ನ ಹಾಡಿನಲ್ಲೂ ಇದೆಯಲ್ಲಪ್ಪಾ. ಗೋವಾಕ್ಕೆ ಹೋದರೂ ಹಲಗೆ ಅದೇ ಅಲ್ಲೇನು?

ಹಲಗೆ ಹುಡುಗ, ಹಾವೇರಿ

ಅಣ್ಣಾ, ಅಕ್ಕಾ, ಎಲ್ಲರಿಗೂ ಶರಣು. ಎರಡು ವಾರ ಉತ್ತರ ಬರೆಯಲಿಲ್ಲ, ಅದಕ್ಕೆ ಕಾರಣ ಇದೆ.

ಹಾಳೆ ಹಿಡಿದು ಅವ್ವನ ಹತ್ತಿರ ಕೂತೆ. ಹಾಡು ಹಾಕಿದೆ. ಹಲಗೆ ಶುರುವಾಗುತ್ತಲೇ ಅವ್ವ, "ಇದು ಸ್ಲ್ಯಾಬ್ ಹಾಕೋ ದಿನದ್ದು" ಅಂದಳು. ಸ್ಲ್ಯಾಬ್ ಹಾಕುವ ದಿನ ಕೆಲಸ ನಡುವೆ ನಿಲ್ಲಿಸುವ ಹಾಗಿಲ್ಲ. ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಂತು ಕಾಂಕ್ರೀಟ್ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ತುಂಬಿದ ಬುಟ್ಟಿ ಮೇಲೆ, ಖಾಲಿ ಬುಟ್ಟಿ ಕೆಳಗೆ. ನಾನು ಹಲಗೆಯಲ್ಲಿ ಒಂದು ಜೋರು ಪೆಟ್ಟು, ಒಂದು ಹಗುರ ಪೆಟ್ಟು ಬಾರಿಸುತ್ತೇನೆ. ಜೋರು ತುಂಬಿದ್ದು, ಹಗುರ ಖಾಲಿ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಹಬ್ಬಕ್ಕೆ ಬಂದಾಗ ಅವ್ವ ಅಂಗಳದಲ್ಲಿ ಕೈಯಾಡಿಸಿ ನಮಗೆ ತೋರಿಸುತ್ತಿದ್ದಳು, ಅಲ್ಲಿಂದಲೇ ನನಗೆ ಬಂದಿರಬೇಕು.

ಹಿಂದಿನ ಭಾನುವಾರ ಓಣಿಯ 14 ಜನ ಸೇರಿ ತಾಲೀಮು ಮಾಡಿದೆವು. ಅದರಲ್ಲಿ 9 ಜನ ನಿಜವಾಗಿ ಗೋವಾದಲ್ಲಿ ದುಡಿದವರು. ಬ್ಯಾಂಡಿನ ನಾವು ನಾಲ್ವರು ಬುಟ್ಟಿಯನ್ನು ಕಸಿದುಕೊಳ್ಳುತ್ತಿದ್ದೆವು, ಸಾಲು ಮುರಿಯುತ್ತಿತ್ತು. ಅವ್ವ ಎದ್ದು ಬಂದು ನನ್ನ ಸೊಂಟ ಹಿಡಿದು ತಿರುಗಿಸಿದಳು. "ಬುಟ್ಟಿ ನೋಡಬ್ಯಾಡ. ಕೊಡಾವನ ಕಣ್ಣು ನೋಡು. ಅದು ತಾನ ಬರತೈತಿ." ಆಮೇಲೆ ಸಾಲು ಸರಿಯಾಗಿ ನಡೆಯಿತು. ಗಿಟಾರ್ ಬರುವ ಹೊತ್ತಿಗೆ ಬುಟ್ಟಿಯ ಸಾಲು ಮೇಲಿನ ಮೆಟ್ಟಿಲಿಗೆ ಮುಟ್ಟುತ್ತದೆ, ಗಿಟಾರಿಸ್ಟ್ ಕೈಗೆ ಬುಟ್ಟಿಯ ಬದಲು ಗಿಟಾರ್ ದಾಟಿ ಬರುತ್ತದೆ. ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ಮಾಡುತ್ತೇವೆ. ಶುರು ಮಾತ್ರ ಹಲಗೆ ಕಾಯಿಸುವುದರಿಂದ, ಕೊನೆ ಅವ್ವನ ಕೈಯಿಂದ. ಅವ್ವ ಒಪ್ಪಿದ್ದಾಳೆ, ಮುಖ ಬೇಡ ಅಂದಿದ್ದಾಳೆ.

ನಮ್ಮೂರಲ್ಲಿ ಮನೆ ಕಟ್ಟಿಸುತ್ತಿರುವ ಒಬ್ಬರು ಸ್ಲ್ಯಾಬ್ ಹಾಕುವ ಮೊದಲಿನ ದಿನ ಜಾಗ ಕೊಡುತ್ತೇನೆ ಅಂದಿದ್ದಾರೆ. ಬಿದಿರು, ಮರದ ಹಲಗೆ ಎಲ್ಲಾ ಕಟ್ಟಿರುತ್ತದೆ. ಎಡಿಟರ್ ಅಣ್ಣಾ, ಒಂದೇ ಶಾಟ್ ಅಂದರೆ ಹಾಡನ್ನು ಎಲ್ಲರಿಗೂ ಕೇಳಿಸಲು ದೊಡ್ಡ ಸ್ಪೀಕರ್ ಇಡಬೇಕಾ, ಅಥವಾ ನಾನು ಅಲ್ಲೇ ಹಲಗೆ ಬಾರಿಸಿದರೆ ಸಾಕಾ?

ಎಡಿಟ್ ಟೇಬಲ್, ಬೆಂಗಳೂರು

ಸ್ಪೀಕರ್ ಇಡಿ, ಇಲ್ಲದಿದ್ದರೆ ವೇಗ ಸ್ವಲ್ಪ ಸ್ವಲ್ಪ ಏರುತ್ತಾ ಹೋಗಿ ರೆಕಾರ್ಡಿಂಗಿಗೆ ಹೊಂದುವುದಿಲ್ಲ. ಹಾಡಿನ ಮುಂಚೆ 4 ಎಣಿಕೆಯ ಟಿಕ್ ಸೇರಿಸಿ, ಸಾಲಿನವರಿಗೆ ಅನುಕೂಲ. ಆದರೆ ಬುಟ್ಟಿಗಳ ಸದ್ದನ್ನು, ಜನರ ಉಸಿರನ್ನು ಬೇರೆ ಮೈಕ್‌ನಲ್ಲಿ ಇನ್ನೊಂದು ಸಲ, ಹಾಡು ಹಾಕದೆ ಹಿಡಿದುಕೊಳ್ಳಿ. ಗಿಟಾರ್ ಬರುವ ಮುಂಚಿನ ಆ 22 ಸೆಕೆಂಡಿಗೆ ಹಲಗೆಯ ಕೆಳಗೆ ಅದನ್ನು ಮೆಲ್ಲಗೆ ಸೇರಿಸೋಣ. ಬೆಳಗ್ಗೆ 7ರಿಂದ 9ರ ಒಳಗೆ ಮುಗಿಸಿ, ಬಿಸಿಲು ಅಡ್ಡ ಬೀಳುವಾಗ ಕೈಗಳ ಗೆರೆ ಚೆನ್ನಾಗಿ ಕಾಣುತ್ತದೆ. ಫುಟೇಜ್ ನನಗೆ ಕಳಿಸಿ, ಎಡಿಟಿಂಗ್ ದುಡ್ಡು ಬೇಡ.