50 ಜನರ ಪಟ್ಟಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. 'ಕುಂಭಮೇಳದಿಂದ ಕೊರೊನಾ ಹರಡಲೇ ಇಲ್ಲ. ಹರಡಿದ್ದು ತಬ್ಲೀಗ್‌ನವರಿಂದ. ಎಲ್ಲರಿಗೂ ಕಳಿಸಿ.' ಓದುವಷ್ಟು ಹೊತ್ತೂ ಆಗಿರಲಿಲ್ಲ, ಮೂರು ಜನ ಕೈ ಮುಗಿದಾಗಿತ್ತು.

ಗಿರೀಶಣ್ಣ: 'ಯಾರು ಹೇಳಿದ್ದು? ಆಧಾರ ಎಲ್ಲಿದೆ?'

ದೊಡ್ಡಪ್ಪ: 'ನಿನಗೆ ದೇವರು ಅಂದ್ರೆ ಮೊದಲಿಂದಲೂ ಅಷ್ಟಕ್ಕಷ್ಟೆ. ದೊಡ್ಡವರ ಮಾತು ಕೇಳೋದು ಕಲಿ.'

ನನಗೆ ಸುಮ್ಮನಿರಲು ಆಗಲಿಲ್ಲ. 'ದೊಡ್ಡಪ್ಪ, 2020ರ ಮಾರ್ಚ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ ನಡೆದ ತಬ್ಲೀಗ್ ಸಭೆಗೆ ಹೋಗಿದ್ದವರಿಂದ ಬೇರೆ ಬೇರೆ ರಾಜ್ಯಗಳಿಗೆ ಸೋಂಕು ಹೋಗಿದ್ದು ನಿಜ. 2021ರ ಏಪ್ರಿಲ್‌ನಲ್ಲಿ ಹರಿದ್ವಾರದ ಕುಂಭಮೇಳದಲ್ಲಿ ಸಾಧುಗಳಿಗೂ ಬಂತಲ್ಲ? ನಿರಂಜನಿ ಅಖಾಡ ಅನ್ನೋ ಸಾಧುಗಳ ಪಂಗಡದವರೇ ನಮ್ಮ ಪಾಲಿಗೆ ಮೇಳ ಮುಗೀತು ಅಂದರು. 17ಕ್ಕೆ ಪ್ರಧಾನಿಯೂ ಇನ್ನು ಸಾಂಕೇತಿಕವಾಗಿ ಸಾಕು ಅಂದರು. ಅಲ್ಲಿಂದ ಬಂದವರು ಟೆಸ್ಟ್ ಮಾಡಿಸಲೇಬೇಕು ಅಂತ ನಮ್ಮ ಕರ್ನಾಟಕ ಸರ್ಕಾರವೇ ಹೇಳಿತ್ತು. ಕೊರಿಯಾದ ಡೇಗುವಿನಲ್ಲಿ ಚರ್ಚ್‌ನಿಂದ ಹರಡಿತ್ತು. ಹೊಳೆಯಲ್ಲಿ ಮುಳುಗೋದಕ್ಕಿಂತ ರೈಲಿನಲ್ಲಿ ಒತ್ತಿಕೊಂಡು ಬರೋದು, ಒಂದೇ ಡೇರೆಯಲ್ಲಿ ಮಲಗೋದು, ಪಂಕ್ತಿಯಲ್ಲಿ ಕೂತು ಉಣ್ಣೋದು ಜಾಸ್ತಿ ಅಪಾಯ. ಎರಡನೇ ಅಲೆ ಬರೀ ಕುಂಭದಿಂದ ಅಂತಲೂ ನಾನು ಹೇಳಲ್ಲ. ಮಹಾರಾಷ್ಟ್ರದಲ್ಲಿ ಅದಕ್ಕೂ ಮುಂಚೆಯೇ ಏರಿತ್ತು. ನಮ್ಮಲ್ಲೂ ಉಪಚುನಾವಣೆ, ಮದುವೆ ಎಲ್ಲ ನಡೀತಾ ಇದ್ದವು. ಅವರ ಗುಂಪು ಎಣಿಸಿ ನಮ್ಮದನ್ನು ಬಿಟ್ಟರೆ ಹೇಗೆ? ಅದೇ ನನಗೆ ಬೇಜಾರು.'

ಇಷ್ಟರಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು 'ಮದುವೆ' ಒಂದೇ.

ಚಿಕ್ಕಪ್ಪ: 'ಮದುವೆ ಅಂದ್ಮೇಲೆ ಕೇಳ್ತೀನಿ. ಅಕ್ಕಾ, 50 ಜನ ಮಾತ್ರ ಅಂದಾಗ ನಿನ್ನ ಮಗಳ ಮದುವೆಗೆ ಯಾರ್ಯಾರನ್ನೋ ಕರೆದೆ. ಒಡಹುಟ್ಟಿದ ತಮ್ಮ ಬೇಡವಾದನಾ?'

ದೊಡ್ಡಪ್ಪ: 'ಹಳೇದೆಲ್ಲ ಯಾಕೀಗ? ಮನೆ ಮಾತು ಮನೆಯಲ್ಲಿರಲಿ.'

ಗಿರೀಶಣ್ಣ: 'ಇದು ಮನೆ ಗುಂಪೇ ಅಲ್ವಾ? ಮೊದಲು ಆಧಾರ ಕೊಡಿ.'

ಮಂಜು: 'ಅದೆಲ್ಲ ಬಿಡ್ರೋ. ಊರ ತೇರಿಗೆ ದವನ ಸಿಕ್ಕಿಸಿ ಬಾಳೆಹಣ್ಣು ಎಸೀತಿದ್ವಲ್ಲ, ನೆನಪಿದೆಯಾ? ನಾನು ಎಸೆದದ್ದು ಒಂದು ಸಲ ಸೀದಾ ಕಳಶಕ್ಕೇ ಬಿತ್ತು.'

ಆಮೇಲೆ ಬತ್ತಾಸು, ಗಿರಿಗಿಟ್ಟಲೆ ಅಂತ ಅರ್ಧ ಗಂಟೆ ಅದೇ ಮಾತು. ಫಾರ್ವರ್ಡ್ ಮೇಲೆಲ್ಲೋ ಉಳಿಯಿತು.

ಮಧ್ಯಾಹ್ನ ಅತ್ತೆ ಒಂದು ಫೋಟೊ ಹಾಕಿದರು. ಮದುವೆ ಪಟ್ಟಿ, ಗೆರೆ ನೋಟ್‌ಬುಕ್ಕಿನ ಹಾಳೆ. ಚಿಕ್ಕಪ್ಪನ ಹೆಸರು ಮೂರನೆಯದು, ಮೇಲೆ ಗೀಟು. ಪಕ್ಕದಲ್ಲಿ ಅತ್ತೆಯ ಅಕ್ಷರದಲ್ಲೇ ಇತ್ತು: 'ಶುಗರ್ ಇದೆ. ಬರೋದು ಬೇಡ.'