ಕ್ಲಬ್ಬಿನ ತಲೆಗೆ ವೇಗ ಬರುವುದು ಎಲ್ಲಿಂದ? ಭೌತಶಾಸ್ತ್ರದ ಅಧ್ಯಾಪಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನಲ್ಲಿ ಒಂದು ವರ್ಷದಿಂದ ಗಾಲ್ಫ್ ಕಲಿಯುತ್ತಿದ್ದೇನೆ. ನಿತ್ಯ ಜಿಮ್‌ಗೆ ಹೋಗುವವನು, ತೋಳಿನಲ್ಲಿ ಶಕ್ತಿಗೆ ಕೊರತೆಯಿಲ್ಲ. ಆದರೂ ಡ್ರೈವರ್ (ಅತಿ ದೂರದ ಹೊಡೆತಕ್ಕೆ ಬಳಸುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಬೀಸುವಾಗ ಚೆಂಡಿನ ಹತ್ತಿರ ಬಂದು ಮಣಿಕಟ್ಟಿನಿಂದ ಜೋರಾಗಿ ತಳ್ಳಿದಷ್ಟೂ ವೇಗ ಅಳೆಯುವ ಯಂತ್ರದಲ್ಲಿ ಕ್ಲಬ್ಬಿನ ತಲೆಯ ವೇಗ ಕಡಿಮೆಯೇ ಕಾಣಿಸುತ್ತದೆ. ಗಂಟೆಗೆ 90 ಮೈಲಿ ದಾಟುವುದಿಲ್ಲ. ‘ನೀವು ಹೊಡೆಯಲು ಹೋಗಬೇಡಿ, ಕ್ಲಬ್ ತಾನಾಗಿ ಬಿಚ್ಚಿಕೊಳ್ಳಲಿ’ ಎನ್ನುತ್ತಾರೆ ನಮ್ಮ ಕೋಚ್. ಬಲ ಹಾಕದೆ ವೇಗ ಬರುವುದಾದರೂ ಹೇಗೆ?

ಉತ್ತರ: ನಮಸ್ಕಾರ. ಬಲ ಹಾಕಲೇಬೇಕು, ಯಾವ ದಿಕ್ಕಿಗೆ ಮತ್ತು ಯಾವಾಗ ಎಂಬುದೇ ಪ್ರಶ್ನೆ. ಗಂಟೆಗೆ 90 ಮೈಲಿ ಎಂದರೆ ಸೆಕೆಂಡಿಗೆ ಸುಮಾರು 40 ಮೀಟರ್. ಡ್ರೈವರಿನ ತಲೆ ಸುಮಾರು 200 ಗ್ರಾಂ ಇರುತ್ತದೆ. ಚೆಂಡನ್ನು ಮುಟ್ಟುವ ಹೊತ್ತಿಗೆ ಅದು 1.6 ಮೀಟರ್ ತ್ರಿಜ್ಯದ ಕಂಸದಲ್ಲಿ ಸಾಗುತ್ತಿದೆ ಎಂದಿಟ್ಟುಕೊಂಡರೆ, ಅದನ್ನು ಆ ಕಂಸದಲ್ಲಿ ಹಿಡಿದಿಡಲು 200 ನ್ಯೂಟನ್ ಕೇಂದ್ರಾಭಿಮುಖ ಬಲ ಬೇಕು. ಇದು 20 ಕಿಲೋ ತೂಕವನ್ನು ಎತ್ತಿ ಹಿಡಿದಷ್ಟಾಯಿತು. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬೀಸುವ ವೃತ್ತಿಪರ ಆಟಗಾರನಿಗೆ ಇದೇ ಬಲ 310 ನ್ಯೂಟನ್ ದಾಟುತ್ತದೆ. ಇದು ಶಾಫ್ಟಿನ (ಹಿಡಿಯಿಂದ ತಲೆಯವರೆಗಿನ ಕೋಲಿನ) ಉದ್ದಕ್ಕೂ ನಿಮ್ಮ ಕಡೆಗೆ ಎಳೆಯುವ ಬಲ. ಕೈಗಳು ಕ್ಲಬ್ಬಿಗೆ ಮಾಡುವ ದೊಡ್ಡ ಕೆಲಸ ಈ ಎಳೆತವೇ.

ಹಕ್ಕಿ ಓಡಿಸಲು ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವವರನ್ನು ನೀವು ನೋಡಿರಬಹುದು. ಹಗ್ಗಕ್ಕೆ ಕಲ್ಲನ್ನು ಎಳೆಯಲು ಬರುತ್ತದೆಯೇ ಹೊರತು ತಳ್ಳಲು ಬರುವುದಿಲ್ಲ. ಆದರೂ ಕಲ್ಲಿಗೆ ವೇಗ ಸಿಗುತ್ತದೆ, ಏಕೆಂದರೆ ಬೀಸುವವನ ಕೈ ಕಲ್ಲಿಗಿಂತ ತುಸು ಮುಂದಿರುತ್ತದೆ ಮತ್ತು ಎಳೆತದ ಒಂದಂಶ ಕಲ್ಲು ಸಾಗುವ ದಿಕ್ಕಿಗೂ ಒದಗುತ್ತದೆ. ಗಾಲ್ಫಿನಲ್ಲಿ ಕ್ಲಬ್ ಮೇಲಿನಿಂದ ಚೆಂಡಿನ ಕಡೆಗೆ ಇಳಿಯುವ, ಕೈಗಳು ಮುಂದೆ, ತಲೆ ಹಿಂದೆ ಇರುವ ಡೌನ್‌ಸ್ವಿಂಗಿನ ಮಧ್ಯಭಾಗದಲ್ಲಿ ನಡೆಯುವುದೂ ಇದೇ.

ಭುಜದಿಂದ ಕೈವರೆಗಿನ ತೋಳು ಒಂದು ಲೋಲಕ, ಮಣಿಕಟ್ಟಿನಿಂದ ಕೆಳಗಿನ ಕ್ಲಬ್ ಅದಕ್ಕೆ ತೂಗುಹಾಕಿದ ಇನ್ನೊಂದು ಲೋಲಕ ಎಂದು ಭಾವಿಸಿ ಲೆಕ್ಕ ಹಾಕಿದರೆ ಸ್ವಿಂಗಿನ ಬಹುಪಾಲು ವಿವರ ಸರಿಯಾಗಿ ಸಿಗುತ್ತದೆ. ಮಣಿಕಟ್ಟು ಮಡಿಚಿಯೇ ಇರುವಾಗ ಕ್ಲಬ್ ದೇಹಕ್ಕೆ ಹತ್ತಿರವಿರುತ್ತದೆ, ತಿರುಗಿಸುವುದಕ್ಕೆ ಅದು ಒಡ್ಡುವ ಜಡತ್ವ ಕಡಿಮೆ, ಹಾಗಾಗಿ ಮುಂಡ ಮತ್ತು ತೋಳುಗಳು ಬೇಗ ವೇಗ ಗಳಿಸುತ್ತವೆ. ವೇಗ ಏರಿದಂತೆ ಕ್ಲಬ್ ಹೊರಗೆ ಬಿಚ್ಚಿಕೊಳ್ಳತೊಡಗುತ್ತದೆ. ಬಿಚ್ಚಿಕೊಳ್ಳುವಾಗ ಕೈಗಳನ್ನು ಹಿಂದಕ್ಕೆ ಜಗ್ಗುತ್ತದೆ. ಕೈಗಳ ವೇಗ ತಗ್ಗಿ ಅವುಗಳ ಚಲನಶಕ್ತಿ ತಲೆಗೆ ಸೇರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಸಮಾನ ಕಾಲಾಂತರದಲ್ಲಿ ಬೆಳಕು ಮಿಂಚಿಸಿ ಹೆಸರಾಂತ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಅವರ ಹೊಡೆತವನ್ನು ಚಿತ್ರಿಸಿದ್ದರು. ಅಂಥ ಚಿತ್ರಗಳಲ್ಲಿ ಚೆಂಡಿನ ಸಮೀಪ ಕೈಗಳ ಬಿಂಬಗಳು ಒತ್ತೊತ್ತಾಗಿಯೂ ತಲೆಯ ಬಿಂಬಗಳು ಒಂದರಿಂದೊಂದು ದೂರವಾಗಿಯೂ ಕಾಣುತ್ತವೆ. ನೀವು ಮೇಲಿನಿಂದಲೇ ಮಣಿಕಟ್ಟು ಬಿಚ್ಚುತ್ತಿದ್ದರೆ (ಕೋಚ್‌ಗಳು ಇದನ್ನೇ ಕಾಸ್ಟಿಂಗ್ ಎನ್ನುತ್ತಾರೆ) ಈ ಹಸ್ತಾಂತರ ಚೆಂಡಿಗಿಂತ ಬಹಳ ಮೊದಲೇ ಮುಗಿದುಹೋಗುತ್ತದೆ. ಪರೀಕ್ಷಿಸಲು ಡ್ರೈವರನ್ನು ತಲೆಕೆಳಗಾಗಿ, ತಲೆಯ ಬಳಿ ಹಿಡಿದು ಬೀಸಿ ನೋಡಿ. ‘ಸುಯ್’ ಎಂಬ ಸದ್ದು ಬಲ ಭುಜದ ಪಕ್ಕದಲ್ಲೇ ಜೋರಾಗಿ ಕೇಳಿಸಿದರೆ ನಿಮ್ಮ ವೇಗ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ.

ಮರುಪ್ರಶ್ನೆ: ಅರ್ಥವಾಯಿತು ಸರ್. ಆದರೆ ಕ್ಲಬ್ ಬಿಚ್ಚಿಕೊಳ್ಳುತ್ತಿರುವಾಗಲೇ ಮಣಿಕಟ್ಟಿನಿಂದಲೂ ತಳ್ಳಿದರೆ ಸ್ವಲ್ಪವಾದರೂ ಹೆಚ್ಚುವರಿ ವೇಗ ಸಿಗಬೇಕಲ್ಲವೇ?

ಉತ್ತರ: ಕಾಗದದ ಮೇಲೆ ಸಿಗುತ್ತದೆ, ದೇಹದಲ್ಲಿ ಸಿಗುವುದು ಕಷ್ಟ. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದು ಕೊಡಬಲ್ಲ ಬಲ ಕಡಿಮೆಯಾಗುತ್ತದೆ ಎಂಬುದನ್ನು ಶರೀರಕ್ರಿಯಾ ವಿಜ್ಞಾನಿ ಎ. ವಿ. ಹಿಲ್ 1938ರಲ್ಲಿಯೇ ಸಮೀಕರಣದ ರೂಪದಲ್ಲಿ ತೋರಿಸಿದರು. ಜೋರಾದ ಹೊಡೆತದ ಕೊನೆಯ ಹಂತದಲ್ಲಿ ಕ್ಲಬ್ ಸೆಕೆಂಡಿಗೆ 2000 ಡಿಗ್ರಿಗೂ ಹೆಚ್ಚು ವೇಗದಲ್ಲಿ ತಿರುಗುತ್ತಿರುತ್ತದೆ. ಆ ವೇಗಕ್ಕೆ ಸರಿಗಟ್ಟಲಾಗದ ಬಿಗಿದ ಮಣಿಕಟ್ಟು ಬ್ರೇಕಿನ ಕೆಲಸ ಮಾಡಿಬಿಡುತ್ತದೆ. ನಿಮ್ಮ ಯಂತ್ರ ತೋರಿಸುತ್ತಿರುವುದು ಇದನ್ನೇ ಎಂದು ನನ್ನ ಅಂದಾಜು. ಸೆಕೆಂಡಿಗೆ 40 ಮೀಟರ್ ವೇಗದ 200 ಗ್ರಾಂ ತಲೆಯಲ್ಲಿ 160 ಜೌಲ್ ಶಕ್ತಿಯಿದೆ, ಅದು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಬಂದಿದೆ. ಅಂದರೆ ತಲೆಯೊಂದಕ್ಕೇ ಸರಾಸರಿ 640 ವ್ಯಾಟ್. ಇಷ್ಟನ್ನು ಕೊಡುವುದು ಕಾಲು, ಸೊಂಟ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳಿಗೆ ಮಾತ್ರ ಸಾಧ್ಯ. ಬಲಗೈ ಆಟಗಾರರ ನಿಧಾನಗತಿಯ ವಿಡಿಯೊದಲ್ಲಿ ಎಡಗಾಲು ನೆಟ್ಟಗಾಗುತ್ತ ಸೊಂಟ ಮೇಲೇಳುವುದನ್ನು ಗಮನಿಸಿ. ಆಗ ಎಡಪಾದ ನೆಲವನ್ನು ದೇಹದ ತೂಕಕ್ಕಿಂತಲೂ ಹೆಚ್ಚಿನ ಬಲದಿಂದ ಒತ್ತುತ್ತಿರುತ್ತದೆ, ಮತ್ತು ಆ ಒತ್ತಡ ತುತ್ತತುದಿ ಮುಟ್ಟುವುದು ಚೆಂಡು ತಾಗುವ ಮೊದಲೇ.

ಇನ್ನೊಬ್ಬರ ಪ್ರಶ್ನೆ: ನಾನು ಹವ್ಯಾಸಿ ಆಟಗಾರ್ತಿ. ಚೆಂಡು ತಾಗುವ ಕ್ಷಣದಲ್ಲಿ ಹಿಡಿತ ಬಿಗಿಯಾಗಿದ್ದರೆ, ಅಥವಾ ಕ್ಲಬ್ಬಿನ ತಲೆ ಭಾರವಾಗಿದ್ದರೆ ಚೆಂಡು ಹೆಚ್ಚು ದೂರ ಹೋಗುವುದಿಲ್ಲವೇ?

ಉತ್ತರ: ಹಿಡಿತದ ಮಾತು ಬೇಗ ಮುಗಿಯುತ್ತದೆ, ಮೇಡಂ. ಚೆಂಡು ಮತ್ತು ತಲೆ ಜೊತೆಗಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಚೆಂಡಿನ ಮೇಲೆ ಬೀಳುವ ಸರಾಸರಿ ಬಲ ಸುಮಾರು 6000 ನ್ಯೂಟನ್. ಅದರ ಮುಂದೆ ಬೆರಳುಗಳ ಬಿಗಿತ ಲೆಕ್ಕಕ್ಕಿಲ್ಲ, ಶಾಫ್ಟಿನಲ್ಲಿ ಅದರ ಪರಿಣಾಮ ಕೆಳಗೆ ತಲುಪುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ.

ಭಾರದ ವಿಷಯ ಹೆಚ್ಚು ಸ್ವಾರಸ್ಯದ್ದು. ಚೆಂಡಿನ ರಾಶಿ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ, ಪುಟಿತದ ಗುಣಾಂಕಕ್ಕೂ (ಡಿಕ್ಕಿಯ ನಂತರ ದೂರ ಸರಿಯುವ ವೇಗ ಮತ್ತು ಮೊದಲು ಹತ್ತಿರ ಬರುವ ವೇಗದ ಅನುಪಾತ) 0.83ರ ಮಿತಿಯಿದೆ. ಸಂವೇಗ ಸಂರಕ್ಷಣೆಯ ನಿಯಮದಂತೆ 200 ಗ್ರಾಂ ತಲೆ ಚೆಂಡಿಗೆ ತನ್ನ ವೇಗದ 1.49 ಪಟ್ಟು ಕೊಡುತ್ತದೆ, 300 ಗ್ರಾಂ ಆದರೆ 1.59 ಪಟ್ಟು. ತೂಕ ಒಂದೂವರೆ ಪಟ್ಟಾದರೂ ಲಾಭ ಶೇಕಡ 7ನ್ನು ಮುಟ್ಟುವುದಿಲ್ಲ. ಆ ಹೆಚ್ಚುವರಿ 100 ಗ್ರಾಮಿನಿಂದ ನಿಮ್ಮ ಬೀಸಿನ ವೇಗ ಶೇಕಡ 6ಕ್ಕಿಂತ ತುಸು ಹೆಚ್ಚು ಕುಸಿದರೂ ನಷ್ಟವೇ. ಡ್ರೈವರ್ ತಯಾರಕರು 200 ಗ್ರಾಮಿನ ಆಸುಪಾಸಿನಲ್ಲೇ ನಿಂತಿರುವುದು ಸುಮ್ಮನೆ ಅಲ್ಲ.

ಮೊದಲ ಪ್ರಶ್ನೆ ಕೇಳಿದವರಿಂದ: ಕೊನೆಯದೊಂದು, ಸರ್. ಮಂಗಳೂರಿನ ಪಿಲಿಕುಳದಲ್ಲಿ ಆಡಿದರೆ ನನ್ನ 90 ಮೈಲಿ ಬದಲಾಗುತ್ತದೆಯೇ?

ಉತ್ತರ: ತಲೆಯ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬದಲಾಗುವುದು ಚೆಂಡಿನ ಹಾರಾಟ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ವಿರಳ, ಚೆಂಡಿಗೆ ಗಾಳಿಯ ತಡೆ ಕಡಿಮೆ. ಆದರೆ ತಿರುಗುವ ಚೆಂಡನ್ನು ಮೇಲೆತ್ತುವ ಬಲವೂ ಅಷ್ಟೇ ಕಡಿಮೆಯಾಗುವುದರಿಂದ, ಗಾಳಿ ತೆಳುವಾದ ಪ್ರಮಾಣದಲ್ಲಿ ದೂರ ಹೆಚ್ಚುವುದಿಲ್ಲ. ಅಲ್ಲಿ ಅದೇ ಯಂತ್ರವನ್ನು ಬಳಸುವಿರಾದರೆ ಅದರಲ್ಲಿ ಎತ್ತರದ ಅಂಕಿಯನ್ನು ಮೊದಲು ಬದಲಿಸಿಕೊಳ್ಳಿ. ಇಲ್ಲದಿದ್ದರೆ ಅದು ಲೆಕ್ಕ ಹಾಕಿ ತೋರಿಸುವ ದೂರ ಬೆಂಗಳೂರಿನದ್ದೇ ಆಗಿರುತ್ತದೆ.